ಕುರಿ ಎಷ್ಟು ಎಂದು ಕೇಳಬಾರದು

ಫೆಬ್ರುವರಿ 9, ರವಿವಾರ. ಅಗರಖೇಡ

ಆಲಮಟ್ಟಿ ಡ್ಯಾಮಿನ ಗೇಟು ಎತ್ತುವ ಮೊದಲು ಅಲ್ಲಿನ ಇಂಜಿನಿಯರುಗಳು ನನಗೆ ಫೋನು ಹಚ್ಚಿ, "ಮಾಳಿಂಗರಾಯರ, ಎತ್ತೂಣೇನ್ರಿ?" ಎಂದು ಕೇಳುತ್ತಾರೆ. ನಾನು ಹೂಂ ಅಂದ ಮೇಲೆಯೇ ಕೃಷ್ಣೆ ಮುಂದೆ ಹರಿಯುವುದು. ಇಂಥ ಮನುಷ್ಯ ದಿನಚರಿ ಬರೆಯದಿದ್ದರೆ ಮುಂದಿನ ಪೀಳಿಗೆಗೆ ನಷ್ಟ. ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಟ್ಟ ಡೈರಿ ಇದು. ಇವತ್ತಿನಿಂದ ಬರೆಯುತ್ತೇನೆ.

ಓದಿದ್ದು ಏಳನೆಯ ಇಯತ್ತೆ. ಇದುವರೆಗೆ ತೆಗೆದ ಧಂಧೆ ಮೂರು. ಮೊದಲನೆಯದು ಇಂಡಿಯ ಲಿಂಬೆಹಣ್ಣಿನ ಉಪ್ಪಿನಕಾಯಿ. ಬಾಟಲಿಗಳು ಮುದ್ದೇಬಿಹಾಳದ ಬಸ್ಸಿನಲ್ಲಿ ಉಕ್ಕಿ ಒಬ್ಬ ಮದುಮಗನ ಧೋತರ ಕೆಡಿಸಿದವು. ಎರಡನೆಯದು ಆಲಮಟ್ಟಿಯ ಮೀನು. ಬಸವನ ಬಾಗೇವಾಡಿ ಮುಟ್ಟುವುದರೊಳಗೆ ಮಂಜುಗಡ್ಡೆ ಎಲ್ಲ ನೀರಾಗಿ, ಮೀನಿನ ಜೊತೆ ನಾನೂ ನಾರತೊಡಗಿದೆ. ಮೂರನೆಯದನ್ನು ಬರೆಯುವುದಿಲ್ಲ.

ನಾಲ್ಕನೆಯದರ ಹೆಸರು 'ಹಟ್ಟಿ'. ಬೇಸಿಗೆಯಲ್ಲಿ ನಮ್ಮ ಕುರಿಗಾರರು ಹಿಂಡು ಹೊಡೆದುಕೊಂಡು ಊರೂರು ತಿರುಗುತ್ತಾರೆ. ರಾತ್ರಿ ರೈತರ ಖಾಲಿ ಹೊಲದಲ್ಲಿ ಕುರಿ ತರುಬುತ್ತಾರೆ, ಅಂದರೆ ಹಟ್ಟಿ ಹಾಕಿ ಅದರೊಳಗೆ ಕೂಡಿಹಾಕುತ್ತಾರೆ. ಹಿಕ್ಕೆ, ಉಚ್ಚೆ ಬಿದ್ದ ನೆಲ ಮೂರು ವರ್ಷ ಬೇರೆ ಗೊಬ್ಬರ ಕೇಳುವುದಿಲ್ಲ. ಅದಕ್ಕೆ ರೈತ ರೊಕ್ಕವನ್ನೋ ಜೋಳವನ್ನೋ ಕೊಡುತ್ತಾನೆ. ಆದರೆ ಯಾವ ಹಿಂಡು ಎಲ್ಲಿದೆ ಎಂದು ರೈತನಿಗೆ ಗೊತ್ತಿಲ್ಲ, ಯಾವ ಹೊಲ ಖಾಲಿ ಇದೆ ಎಂದು ಕುರಿಗಾರನಿಗೆ ಗೊತ್ತಿಲ್ಲ. ಇಬ್ಬರನ್ನೂ ಫೋನಿನಲ್ಲಿ ಕೂಡಿಸುವುದು ನಮ್ಮ ಆ್ಯಪ್. ನನ್ನ ಅಣ್ಣನ ಮಗಳು ಮಾಲಾ ಇಂಡಿಯಲ್ಲಿ ಕಂಪ್ಯೂಟರ್ ಓದಿದವಳು, ಅವಳೇ ಮಾಡಿದ್ದು. ತಲೆ ನನ್ನದು.

ಬಂಡವಾಳ ನಲವತ್ತು ಸಾವಿರ, ಅದೂ ಸರಕಾರದ್ದು ಎಂದು ನನ್ನ ಹೆಂಡತಿ ಶೇವಂತೆವ್ವನಿಗೆ ಹೇಳಿದ್ದೇನೆ. ಖರೆ ಬೇರೆ. ಅವಳು ತವರಿನಿಂದ ತಂದ ಕುರಿಗಳು ಮರಿ ಹಾಕಿ ಹಾಕಿ ಬೆಳೆದು ಅವಳ ತಮ್ಮ ಅಮೋಘಸಿದ್ಧನ ಹಿಂಡಿನಲ್ಲಿ ಮೇಯುತ್ತಿದ್ದವು. ಹಿಂಡು ಊರು ಬಿಡುವಾಗ "ನಿಮ್ಮಕ್ಕ ಮಾರು ಅಂದಾಳ" ಎಂದು ಅವನಿಗೆ ಹೇಳಿ ಅವಳ ಪಾಲಿನವನ್ನೆಲ್ಲ ಸಂತೆಗೆ ಹೊಡೆದೆ. ಎಷ್ಟು ಕುರಿ ಎಂದು ಇಲ್ಲಿ ಬರೆಯುವುದಿಲ್ಲ. ಕುರಿ ಎಣಿಸಿ ಹೇಳಬಾರದು, ದೃಷ್ಟಿ ತಾಗುತ್ತದೆ. ನಮ್ಮಪ್ಪ ಸಾಯುವವರೆಗೂ ಹೇಳಲಿಲ್ಲ.

ಅಕ್ಕ ತಮ್ಮ ಫೋನಿನಲ್ಲಿ ಮಾತಾಡಿಕೊಂಡರೆ ಎಂಬ ಅಂಜಿಕೆ ಇಲ್ಲ. ಅಮೋಘಸಿದ್ಧ ಫೋನಿನಲ್ಲಿ ಆಡುವುದು ಮೂರೇ ಮಾತು: ಆರಾಮದೇನಿ, ಉಂಡೇನಿ, ಇಡ್ತೇನಿ. ಆದರೆ ಮೊದಲ ಮಳೆಗೆ ಹಿಂಡು ಊರಿಗೆ ತಿರುಗುತ್ತದೆ. ಆಗ ಶೇವಂತೆವ್ವ ಒಂದೊಂದು ಕುರಿಯ ಮುಖ ಹಿಡಿದು ನೋಡುತ್ತಾಳೆ. ಅಷ್ಟರೊಳಗೆ ಎರಡರಷ್ಟು ಕೊಂಡು ಹಿಂಡಿಗೆ ಬಿಟ್ಟರಾಯಿತು. ನಾಲ್ಕು ತಿಂಗಳಿವೆ. ನನಗೆ ಎರಡು ಸಾಕು.

ಫೆಬ್ರುವರಿ 16, ರವಿವಾರ

ಆ್ಯಪಿನ ಅರ್ಜಿ ಪಕ್ಕಾ ಆಯಿತು. ಕುರಿಗಾರರು ತುಂಬುವ ಪುಟದಲ್ಲಿ ಹೆಸರು, ಊರು, ಈಗ ಎಲ್ಲಿ ಇದ್ದೀರಿ, ಕುರಿ ಎಷ್ಟು.

"ನೂರು ಕುರಿಗೆ ಒಂದು ರಾತ್ರಿಗೆ ಇಷ್ಟು ಅಂತ ದರ ಇಟ್ಟೇನಿ ಕಾಕಾ. ಹಂಗಾಗಿ ಎಷ್ಟು ಕುರಿ ಅನ್ನೂದು ತುಂಬಲೇಬೇಕು. ತುಂಬಲಿಲ್ಲಂದ್ರ ಮುಂದಿನ ಪಾನಾ ತೆರಿಯೂದಿಲ್ಲ" ಅಂದಳು ಮಾಲಾ.

"ತೆರೀಬಾರದು! ಶಿಸ್ತು ಅಂದ್ರ ಶಿಸ್ತು" ಅಂದೆ. ವಿಜಯಪುರದ ಎರಡು ದಿನದ ತರಬೇತಿಯಲ್ಲಿ ಮೇಡಮ್ಮು ಹೇಳಿದ್ದು ಅದನ್ನೇ, ಅಂಕಿ ಇಲ್ಲದ ಧಂಧೆ ಕುರುಡು ಎಂದು. ನಾನು ಮೊದಲ ಸಾಲಿನಲ್ಲಿ ಕೂತು ತಲೆದೂಗಿದ್ದೆ.

ಫೆಬ್ರುವರಿ 27, ಗುರುವಾರ. ಇಂಡಿ

ಕುರಿಗಾರರು ಸೇರುತ್ತಿದ್ದಾರೆ. ಸಣ್ಣ ಫೋನು ಇದ್ದವರಿಗೆ ನಾನೇ ದೊಡ್ಡ ಫೋನು ಕೊಡಿಸಿದೆ, ರಾಜನಂತೆ. ಆದರೆ ಒಂದು ವಿಚಿತ್ರ. ಇಂಡಿ, ಸಿಂದಗಿ ಎರಡೂ ತಾಲೂಕಿನ ಹಿಂಡುಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಸರಿಯಾಗಿ ನೂರಾ ಒಂದು ಕುರಿಗಳಿವೆ. ಒಬ್ಬನದು ಮಾತ್ರ ಒಂದೇ ಕುರಿ. ಒಂದು ಕುರಿ ಕಾಯಲು ಮೂರು ನಾಯಿ, ಎರಡು ಕುದುರೆ ಇಟ್ಟುಕೊಂಡಿದ್ದಾನೆ ಪುಣ್ಯಾತ್ಮ.

"ಕಾಕಾ, ಎಲ್ಲಾರೂ ಸುಳ್ಳ ತುಂಬಾಕತ್ತಾರ!"

"ಸುಳ್ಳಲ್ಲ ಮಗಳ, ಮದುವಿ ಆಯೇರಿ ಲೆಕ್ಕ. ನೂರಾ ಒಂದು ಅಂದ್ರ ಶುಭ."

ಧೂಳಪ್ಪ ಬಂದ. ಈ ಭಾಗದಲ್ಲಿ ಅವನದೇ ದೊಡ್ಡ ಹಿಂಡು. ಅವನು ಹೂಂ ಅಂದರೆ ಉಳಿದ ಕುರಿಗಾರರೂ ಹೂಂ. ಫೋನನ್ನು ಚೇಳಿನಂತೆ ದೂರ ಹಿಡಿದುಕೊಂಡು ಕೇಳಿದ. ಇವರ ಬಾಯಲ್ಲಿ ನಾನು ಬರೀ ಮಾಳಪ್ಪ.

"ಮಾಳಪ್ಪಾ, ನನ್ನ ಕುರಿ ಎಷ್ಟು ಅನ್ನೂದು ಇದಕ್ಕ ಎದಕ್ಕ ಬೇಕು? ಇದೇನ್ ಮೇಯಸ್ತೈತೇನು?"

"ಅದು ಯಂತ್ರ ಐತಿ ಧೂಳಪ್ಪಣ್ಣಾ. ಅದಕ್ಕ ಕಣ್ಣಿಲ್ಲ. ಕಣ್ಣ ಇಲ್ಲದ್ದರ ದೃಷ್ಟಿ ಹೆಂಗ ತಾಗತೈತಿ?"

ಸುತ್ತ ನಿಂತವರು ನಕ್ಕರು. ಅವನು ನಗಲಿಲ್ಲ. ಫೋನು ಇಸಿದುಕೊಂಡು ಅವನ ಪರವಾಗಿ ನಾನೇ ಅಂದಾಜಿನಲ್ಲಿ 'ಮುನ್ನೂರು' ಎಂದು ಒತ್ತಿದೆ. ಮುಂದಿನ ಪುಟ ತೆರೆಯಿತು. ಇದಕ್ಕೆ ಚಾಣಾಕ್ಷತನ ಅನ್ನುತ್ತಾರೆ.

ಮಾರ್ಚ್ 11, ಮಂಗಳವಾರ

ಹದಿನಾಲ್ಕು ಮಂದಿ ರೈತರು ಮುಂಗಡ ಹಾಕಿದ್ದಾರೆ! ಅದನ್ನೆಲ್ಲ ಅವತ್ತೇ ಕುರಿಗಾರರ ಕೈಗೆ ಕೊಟ್ಟೆ, ನಂಬಿಕೆ ಬರಲಿ ಎಂದು. ಸಿಂದಗಿ ತಾಲೂಕಿನ ಯಂಕಂಚಿಯ ಶಂಕರೆಪ್ಪ ಸಾವುಕಾರರು ಧೂಳಪ್ಪನ ಹಿಂಡನ್ನೇ ಐದು ರಾತ್ರಿಗೆ ಹಿಡಿದಿದ್ದಾರೆ. ಅವರ ಹೊಲದಲ್ಲಿ ಒಮ್ಮೆ ಕುರಿ ಕೂತರೆ ಸುತ್ತಲಿನ ಇಪ್ಪತ್ತು ಹಳ್ಳಿ ನನ್ನವು. ಮನೆಗೆ ಜಿಲೇಬಿ ತಂದೆ.

"ಯಾರ್ ರೊಕ್ಕದ್ದು ಇದು?" ಅಂದಳು ಶೇವಂತೆವ್ವ.

"ಹಟ್ಟಿದು."

"ಹಟ್ಟಿ ಇನ್ನಾ ಹಿಕ್ಕೀನ ಹಾಕಿಲ್ಲ, ಜಿಲೇಬಿ ಎಲ್ಲಿಂದ ಹಾಕ್ತು?" ಅಂದಳು. ತಿಂದಳು ಮಾತ್ರ ನಾಲ್ಕು.

ಮಾರ್ಚ್ 14, ಶುಕ್ರವಾರ. ಯಂಕಂಚಿ

ಬೆಳಿಗ್ಗೆ ಹಟ್ಟಿಯ ಬಾಯಿ ಬಿಚ್ಚುವ ಹೊತ್ತಿಗೆ ನಾನು ಅಲ್ಲಿದ್ದೆ. ಶಂಕರೆಪ್ಪ ಸಾವುಕಾರರು ಮೋಸ ಮಾಡುವವರಲ್ಲ, ಮೋಸ ಹೋಗುವವರೂ ಅಲ್ಲ. ಹೊರಗೆ ಬರುವ ಒಂದೊಂದು ಕುರಿಗೂ ಒಂದೊಂದು ಹರಳು ಬುಟ್ಟಿಗೆ ಹಾಕಲು ಆಳನ್ನು ನಿಲ್ಲಿಸಿದ್ದರು. ಕೊನೆಯ ಕುರಿ ದಾಟಿದ ಮೇಲೆ ಬುಟ್ಟಿ ಸುರುವಿ ಎಣಿಸಿದರು.

"ಫೋನ್ಯಾಗ ಮುನ್ನೂರು ಅಂತ ಐತಿ ಮಾಳಪ್ಪ. ಇಲ್ಲಿ ನೋಡಿದ್ರ ಎರಡ್ನೂರಾ..."

"ಬಾಯಿ ಮುಚ್ರಿ ಸಾವ್ಕಾರ್ರ!"

ಧೂಳಪ್ಪನ ದನಿ ಹಾಗೆ ಏರಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಕಾಲಿನಿಂದ ಹರಳು ಚೆಲ್ಲಾಪಿಲ್ಲಿ ಮಾಡಿದ.

"ರೊಕ್ಕಾ ಕೊಟ್ಟಾವ ನಾನು. ಎಣಿಸಬಾರದೇನು?" ಅಂದರು ಶಂಕರೆಪ್ಪ.

"ನಿಮ್ಮ ಮನ್ಯಾಗಿನ ಮಕ್ಕಳನ್ನ ಹಿಂಗ ಬುಟ್ಯಾಗ ಹಾಕಿ ಎಣಿಸ್ತೀರೇನ್ರಿ?"

ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಏನೋ ಜೋಕು ಹೇಳಿದೆ. ಏನೆಂದು ಈಗ ನೆನಪಿಲ್ಲ. ಧೂಳಪ್ಪ ಗೂಟ ಕಿತ್ತು, ಉಳಿದ ನಾಲ್ಕು ರಾತ್ರಿ ಬಿಟ್ಟು ಹಿಂಡು ಹೊಡೆದುಕೊಂಡು ಹೋಗಿಯೇಬಿಟ್ಟ.

ಮಾರ್ಚ್ 19, ಬುಧವಾರ

ಧೂಳಪ್ಪನ ಎರಡು ಮರಿ ಸತ್ತವು. ಉಬ್ಬಸ ಬಂದು ಸತ್ತವು, ಈ ಬಿಸಿಲಿಗೆ ಸಾಯುತ್ತವೆ. ಆದರೆ "ಎಣಿಸಿದ್ರು, ಸತ್ತವು" ಎಂಬ ಮಾತು ಹಿಂಡಿನಿಂದ ಹಿಂಡಿಗೆ ನನ್ನ ಆ್ಯಪಿಗಿಂತ ಬೇಗ ಹೋಯಿತು. ಎಲ್ಲ ಕುರಿಗಾರರೂ ಬಿಟ್ಟರು. ಕೆಲವರು ಫೋನನ್ನೂ ಮರಳಿ ತಂದುಕೊಟ್ಟರು, ಕೈಯಿಂದ ಕೈಗಲ್ಲ, ಕಟ್ಟೆಯ ಮೇಲಿಟ್ಟು.

ಮಾರ್ಚ್ 24, ಸೋಮವಾರ

ಹದಿನಾಲ್ಕೂ ಮಂದಿ ರೈತರಿಗೆ ಮುಂಗಡ ಹಿಂದಿರುಗಿಸಿದೆ. ಕುರಿಗಾರರ ಕಡೆ ಮರಳಿ ಕೇಳುವ ಮುಖ ಇರಲಿಲ್ಲ, ನನ್ನದೇ ಕೊಟ್ಟೆ.

ಶೇವಂತೆವ್ವ ಕೇಳಿದಳು, ಎಷ್ಟು ಹೋಯಿತು ಎಂದು. ನಲವತ್ತು ಸಾವಿರ ಅಂದೆ.

ಮಾರ್ಚ್ 30, ರವಿವಾರ

ಯುಗಾದಿ. ಬೇವು ತಿಂದೆ.

ಏಪ್ರಿಲ್ 6, ರವಿವಾರ

ಮಾಲಾ ಬಂದು, "ಕಾಕಾ, ಆ್ಯಪ್ ಬಂದ್ ಮಾಡ್ಲೇನು?" ಅಂದಳು. ಅವಳಿಗೆ ಸಿಂದಗಿಯ ಸಹಕಾರಿ ಸಂಘದಲ್ಲಿ ಕೆಲಸ ಬಂದಿದೆಯಂತೆ.

"ಬ್ಯಾಡ."

"ಮತ್ತ ಏನ್ ಮಾಡೂಣು?"

"ಗೊತ್ತಿಲ್ಲ. ಬಂದ್ ಮಾಡಬ್ಯಾಡ."

"ಖರೇ ಹೇಳು ಕಾಕಾ. ಉಪ್ಪಿನಕಾಯಿ ಮುಳಗ್ತು, ಮೀನ ಮುಳಗ್ತು. ನಿಂಗ ಯಾಕ ಸಾಕು ಅನಸೂದಿಲ್ಲ?"

ಇದಕ್ಕೆ ನನ್ನ ಹತ್ತಿರ ಹತ್ತು ಉತ್ತರಗಳಿದ್ದವು, ಎಲ್ಲವೂ ಭಾರಿ. ಎದ್ದು ಚಪ್ಪಲಿ ಹುಡುಕಿದೆ. ನಾಳೆ ಅಮೋಘಸಿದ್ಧನ ಹಿಂಡಿನ ಕಡೆ ಹೋಗುತ್ತೇನೆ. ಮನೆಯಲ್ಲಿ ಕೂತರೆ ಶೇವಂತೆವ್ವನ ಮುಖ ನೋಡಬೇಕಾಗುತ್ತದೆ.

ಏಪ್ರಿಲ್ 9, ಬುಧವಾರ. ಬಸವನ ಬಾಗೇವಾಡಿ ಹತ್ತಿರ

ಮೂರು ದಿನದಿಂದ ಹಿಂಡಿನ ಹಿಂದೆ ನಡೆಯುತ್ತಿದ್ದೇನೆ. ಮೂವತ್ತು ವರ್ಷದ ಮೇಲೆ. ಕಾಲು ಬಾತಿವೆ. ಅಮೋಘಸಿದ್ಧ ಬೆಳಗಿನಿಂದ ಸಂಜೆಯವರೆಗೆ ಮಾತಾಡುವುದಿಲ್ಲ, ಕುರಿಗಳ ಜೊತೆ ಬಿಟ್ಟು.

ಇವತ್ತು ಒಂದೂರಿನ ಅಂಚಿನಲ್ಲಿ ಮಧ್ಯಾಹ್ನದಿಂದ ನಿಂತೆವು. ಯಾರೂ ಕರೆಯಲಿಲ್ಲ. ಅಮೋಘಸಿದ್ಧ ಹೋಗಿಬರುವವರನ್ನೆಲ್ಲ, "ಕುರಿ ತರುಬಿಸ್ತೀರೇನ್ರೀ ಯಪ್ಪಾ?" ಎಂದು ಕೇಳುತ್ತಿದ್ದ. ಒಬ್ಬ, "ಮುಂದ ನಡೀರಿ, ಬೆಳಿ ಮೇಯಸ್ಬ್ಯಾಡ್ರಿ" ಅಂದು ನಾಯಿ ಬಿಟ್ಟ. ನಮ್ಮಪ್ಪನೂ ಹೀಗೆಯೇ ನಿಲ್ಲುತ್ತಿದ್ದ. ರುಮಾಲು ಕೈಯಲ್ಲಿ ಹಿಡಿದುಕೊಂಡು. ಅವನ ಹಿಂದೆ ನಾನು ನಿಂತು, ಇಷ್ಟು ಗಟ್ಟಿ ಮನುಷ್ಯ ಯಾಕೆ ಇಷ್ಟು ಮೆತ್ತಗೆ ಕೇಳುತ್ತಾನೆ ಎಂದು ಸಿಟ್ಟಾಗುತ್ತಿದ್ದೆ. ಹೊಲಕ್ಕೆ ಬಂಗಾರ ಹಾಕುವವರು ನಾವು, ಬೇಡುವವರೂ ನಾವೇ.

ಮಾಲಾಳಿಗೆ ಇದನ್ನು ಹೇಳಬಹುದಿತ್ತು.

ಏಪ್ರಿಲ್ 10, ಗುರುವಾರ

ರೊಟ್ಟಿ ತಿನ್ನುವಾಗ ಅಮೋಘಸಿದ್ಧ ತಾನಾಗಿಯೇ ಬಾಯಿ ಬಿಟ್ಟ.

"ಮಾವಾ, ಒಂದ್ ಕೇಳ್ಲಿ? ಅಕ್ಕ ಚಂದ್ರೀನ ಯಾಕ ಮಾರು ಅಂದ್ಲು? ಅದು ಅವ್ವ ಕೊಟ್ಟ ಕುರಿ ವಂಶದ್ದು. ಹೋಗೂ ಮುಂದ ಹಿಂದ ತಿರಗಿ ತಿರಗಿ ನೋಡ್ತು."

ಚಂದ್ರಿ ಎಂದರೆ ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದ ಕುರಿ. ನೀರು ಕುಡಿಯುವ ನೆಪ ಮಾಡಿ ಎದ್ದು ಹೋದೆ. ಬಾವಿ ಬತ್ತಿತ್ತು, ಆದರೂ ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಏಪ್ರಿಲ್ 12, ಶನಿವಾರ

ಸಿಕ್ಕಿತು! ಸಿಕ್ಕಿತು! ಇಷ್ಟು ದಿನ ಕಣ್ಣ ಮುಂದೆಯೇ ಗೂಟಕ್ಕೆ ಕಟ್ಟಿಕೊಂಡು ನಿಂತಿತ್ತು.

ಮುದ್ದೇಬಿಹಾಳದ ಕಡೆಯ ಒಬ್ಬ ರೈತ ಸಂಜೆ ತಾನಾಗಿ ಬಂದು, "ಹಿಂಡು ಎಷ್ಟು ದೊಡ್ಡದೈತ್ರಿ?" ಎಂದು ಕೇಳಿದ. ಅಮೋಘಸಿದ್ಧ ತಲೆ ಎತ್ತದೆ, "ನಮ್ದು ಮೂರು ಬಲಿ ಹಿಂಡ್ರಿ" ಅಂದ. ರೈತ ಹೊಲ ನೋಡಿದ, ಬಲೆ ನೋಡಿದ, ಇಷ್ಟು ಕೊಡ್ತೇನಿ ಅಂದ. ಒಂದು ಬೀಡಿ ಸೇದಿ ಮುಗಿಯುವುದರೊಳಗೆ ಮಾತು ಕುದುರಿತು. ಯಾರೂ ಕುರಿ ಎಣಿಸಲಿಲ್ಲ.

ಹಟ್ಟಿ ಎಂದರೆ ಗೂಟಕ್ಕೆ ಬಲೆ ಕಟ್ಟಿ ಮಾಡುವ ಆವಾರ ಅಷ್ಟೇ. ಸಣ್ಣ ಹಿಂಡಿಗೆ ಎರಡು ಬಲೆ, ದೊಡ್ಡದಕ್ಕೆ ನಾಲ್ಕು, ಐದು. ಕುರಿ ಒತ್ತಾಗಿ ಕೂತಷ್ಟು ನೆಲ ಕಪ್ಪಾಗುತ್ತದೆ. ರೈತನಿಗೆ ಬೇಕಾದದ್ದು ಆ ನೆಲ. ನೂರು ಕುರಿಗೆ ಎಂದು ದರ ಕಟ್ಟಿದ ಮೂರ್ಖ ಯಾರು? ಕುರಿಗಾರನ ಮಗನಾಗಿ ಹುಟ್ಟಿ, ಕುರಿಗಾರರಿಗೆ 'ಕುರಿ ಎಷ್ಟು' ಎಂದು ಕೇಳಿದ ಮೂರ್ಖ!

ಮಾಲಾಳಿಗೆ ಫೋನು ಹಚ್ಚಿದೆ. "ಕುರಿ ಎಷ್ಟು ಅನ್ನೂದು ತಗದ ಒಗಿ. ಬಲಿ ಎಷ್ಟು ಅಂತ ಹಾಕು. ಬಲಿಗಿಷ್ಟು, ರಾತ್ರಿಗಿಷ್ಟು."

"ಕಾಕಾ, ಇದು ನಿನ್ನ ತಲಿಯಾಗ ಬಂದಿದ್ದೇನು?"

"ಇಲ್ಲ. ಅಮೋಘಸಿದ್ಧಂದು."

ಏಪ್ರಿಲ್ 15, ಮಂಗಳವಾರ

ಧೂಳಪ್ಪನನ್ನು ಹುಡುಕಿಕೊಂಡು ಹೋದೆ. ಮೂರು ಊರು ಅಲೆದೆ. ಅವನು ಕಂಬಳಿ ಮೇಲೆ ಕೂತಿದ್ದ, ಕೂಡು ಅನ್ನಲಿಲ್ಲ. ನಾನು ನಿಂತೇ ಹೇಳಿದೆ.

"ಮುನ್ನೂರು ಅಂತ ಒತ್ತಿದಾವ ನಾನು. ತಪ್ಪು ಸಾವ್ಕಾರಂದಲ್ಲ, ನಂದು."

"ಮರಿ ತರ್ತೀಯೇನು ತಿರಗಿ?"

"ಇಲ್ಲಣ್ಣಾ."

"ಮತ್ತ ಎದಕ್ಕ ಬಂದಿ? ಮತ್ತೊಂದು ನಗಿಮಾತು ಹೇಳಾಕೇನು?"

ಬಲೆಯ ವಿಷಯ ಹೇಳಿದೆ. ಅವನು ಬಹಳ ಹೊತ್ತು ನಾಯಿಯ ಕಿವಿಯಲ್ಲಿನ ಉಣ್ಣೆ ಹುಳ ಕೀಳುತ್ತ ಕೂತ. ಕೊನೆಗೆ ಚೀಲದಿಂದ ದೇವರ ಭಂಡಾರ ತೆಗೆದು ಮುಂದೆ ಹಿಡಿದ. ನಮ್ಮಲ್ಲಿ ಆ ಅರಿಷಿಣ ಹಿಡಿದು ಸುಳ್ಳು ಹೇಳಿದವನು ಉಳಿದಿಲ್ಲ.

"ಇನ್ನ ಮುಂದ ನಿನ್ನ ಯಂತ್ರ ಕುರಿ ಕೇಳೂದಿಲ್ಲ ಅಂತ ಹೇಳು."

ಹೇಳಿದೆ. ಅವನು ಅದನ್ನು ನನ್ನ ಹಣೆಗೆ ಹಚ್ಚಿದ. ಹಚ್ಚುವಾಗ ಬೆರಳು ಸ್ವಲ್ಪ ಜೋರಾಗಿಯೇ ಒತ್ತಿದ.

ಏಪ್ರಿಲ್ 18, ಶುಕ್ರವಾರ. ಯಂಕಂಚಿ

ಶಂಕರೆಪ್ಪ ಸಾವುಕಾರರ ಅಂಗಳದಲ್ಲಿ ಚಹಾ ಬರುವ ಮೊದಲೇ ವಿಷಯಕ್ಕೆ ಬಂದೆ.

"ಸಾವ್ಕಾರ್ರ, ನಿಮ್ಮ ಹೊಲಕ್ಕ ಬೇಕಾಗಿದ್ದು ಕುರಿನೋ, ಹಿಕ್ಕಿನೋ?"

"ಹಿಕ್ಕಿ."

"ಹಂಗಾರ ಕುರಿ ಯಾಕ ಎಣಿಸ್ತೀರಿ? ನೆಲ ಅಳೀರಿ."

"ಬಲಿ ಸಡಲ ಕಟ್ಟಿ, ನಾಕ ಕುರಿ ಬಿಟ್ಟು ಮೂರು ಬಲಿ ಅಂದ್ರ?"

ಇದನ್ನು ನಾನು ಯೋಚಿಸಿರಲಿಲ್ಲ. ಮೊದಲಾಗಿದ್ದರೆ ಯೋಚಿಸಿದ್ದೇನೆ ಅನ್ನುತ್ತಿದ್ದೆ. "ಹೌದ್ರಿ. ಏನ್ ಮಾಡೂಣ್ರಿ?" ಎಂದು ಕೇಳಿದೆ. ಅವರಿಗೆ ಖುಷಿಯಾಯಿತು ಎಂದು ಕಾಣುತ್ತದೆ, ಕುರ್ಚಿ ಮುಂದೆ ಎಳೆದುಕೊಂಡರು. ಬೆಳಿಗ್ಗೆ ಬಲೆ ಬಿಚ್ಚಿದ ಮೇಲೆ ನೆಲ ಪೂರಾ ತುಂಬಿದ್ದರೆ ಪೂರಾ ರೊಕ್ಕ, ಅರ್ಧ ತುಂಬಿದ್ದರೆ ಅರ್ಧ. ನೋಡುವುದು ನೆಲವನ್ನು ಮಾತ್ರ, ಹಿಂಡು ಹೋದ ಮೇಲೆ. ನನ್ನಿಂದ ಬರೆಸಿಕೊಂಡೇ ಬಿಟ್ಟರು.

"ಆ ಮುದುಕನ್ನ ಕರಕೊಂಡ ಬಾ. ನಾ ಏನ್ ಅವನ ವೈರಿ ಅಲ್ಲ" ಅಂದರು.

ಮೇ 8, ಗುರುವಾರ

ಎಷ್ಟೋ ದಿನದಿಂದ ಬರೆಯಲಾಗಿಲ್ಲ, ಪುರುಸೊತ್ತಿಲ್ಲ. ಧೂಳಪ್ಪ ಯಂಕಂಚಿಯಲ್ಲಿ ಒಂಬತ್ತು ರಾತ್ರಿ ತರುಬಿದ. ಅವನ ಹಿಂದೆ ಉಳಿದವರೂ ಬಂದರು. ನಿನ್ನೆ ಒಬ್ಬ ಕುರಿಗಾರ ಫೋನು ಮಾಡಿ, "ಮೂರು ಊರಿನವರು ಕರ್ಯಾಕತ್ತಾರ, ಯಾವ್ದಕ್ಕ ಹೋಗ್ಲಿ?" ಅಂದ. ಅವನ ದನಿ ಮೆತ್ತಗಿರಲಿಲ್ಲ. ಮಾತು ಮುಗಿದಮೇಲೂ ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ. ಮಾಲಾ ಸಂಘದ ಕೆಲಸ ಬೇಡ ಅಂದಳಂತೆ. ನಾನು ಕೇಳಿರಲಿಲ್ಲ.

ಬಂದ ಕಮಿಷನ್ನಿನಲ್ಲಿ ಒಂದಷ್ಟು ಕುರಿ ಕೊಂಡು ಅಣ್ಣನ ಮನೆಯ ಹಿತ್ತಿಲಲ್ಲಿ ಕಟ್ಟಿದ್ದೇನೆ. ಹೋದವುಗಳಲ್ಲಿ ಅರ್ಧವೂ ಆಗಿಲ್ಲ. ಉಳಿದದ್ದಕ್ಕೆ ಮೇ ಪೂರಾ ಬೇಕು. ಬಣ್ಣಕ್ಕೆ ಬಣ್ಣ ನೋಡಿಯೇ ಕೊಂಡೆ. ಮುಖ ಹೊಂದದಿದ್ದವಕ್ಕೆ ಹಚ್ಚಲು ಇಂಡಿಯಿಂದ ಮೆಹಂದಿ ತಂದೆ, ಚಂದ್ರಿ ಆಗಬೇಕಾದದ್ದರ ಹಣೆಗೆ ಸುಣ್ಣ. ಶೇವಂತೆವ್ವನ ಕಣ್ಣಿಗೆ ಈಗೀಗ ಮಂಜು. ನನ್ನಂಥ ಕಲಾವಿದ ಬಿಜಾಪುರದ ಬಾದಶಹನ ಕಾಲದಲ್ಲಿ ಹುಟ್ಟಿದ್ದರೆ ಜಹಗೀರು ಸಿಗುತ್ತಿತ್ತು.

ಮೇ 20, ಮಂಗಳವಾರ

ಮಳೆ. ಇನ್ನೂ ಮೇ ತಿಂಗಳು ಮುಗಿದಿಲ್ಲ, ಆಗಲೇ ಮಳೆ. ಹೊಲಗಳೆಲ್ಲ ಕೆಸರು, ಕುರಿ ಕೂಡುವ ಹಾಗಿಲ್ಲ. ಹಿಂಡುಗಳು ಊರಿಗೆ ತಿರುಗಿವೆ. ಅಮೋಘಸಿದ್ಧ ನಾಲ್ಕು ದಿನದಲ್ಲಿ ಬರುತ್ತಾನೆ.

ಮೆಹಂದಿ ಪೊಟ್ಟಣ ಮಾಲಾಳಿಗೆ ಕೊಟ್ಟುಬಿಟ್ಟೆ. ಹಚ್ಚಿದರೆ ಮಳೆಗೆ ತೊಳೆದುಹೋದೀತು ಎಂದು ಅಷ್ಟೇ, ಬೇರೆ ಕಾರಣವಿಲ್ಲ.

ಮೇ 24, ಶನಿವಾರ. ಅಗರಖೇಡ

ಬೆಳಿಗ್ಗೆ ಹಿಂಡು ಬಂತು. ಶೇವಂತೆವ್ವ ತಂಬಿಗೆ ನೀರು, ಭಂಡಾರದ ತಟ್ಟೆ ಹಿಡಿದು ಎದುರು ಹೋದಳು. ಒಂದೊಂದರ ಗದ್ದ ಹಿಡಿದು ಮುಖ ಎತ್ತಿ, ಹೆಸರು ಹಿಡಿದು ಕರೆದು, ಹಣೆಗೆ ಹಚ್ಚಿದಳು. ಐದಾರು ಆದವು. ಆಮೇಲೆ ಹಿಂಡಿನ ಮೇಲೆ ಕಣ್ಣಾಡಿಸಿದಳು.

"ಚಂದ್ರಿ ಎಲ್ಲಿ?"

ಅಮೋಘಸಿದ್ಧ ಕಣ್ಣು ಕಣ್ಣು ಬಿಟ್ಟ. "ಅಕ್ಕಾ, ನೀನ ಅಲ್ಲೇನು..."

"ಆಕಿ ಏನೂ ಅಂದಿಲ್ಲ ಅಳ್ಯಾ" ಅಂದೆ. "ನಾ ನಿಂಗ ಸುಳ್ಳ ಹೇಳೇನಿ. ಆಕಿ ಕುರಿ ಎಲ್ಲಾ ಮಾರಿದಾವ ನಾನು. ಆಕೀಗೆ ಗೊತ್ತಿಲ್ಲ."

ಅವಳು ತಟ್ಟೆಯನ್ನು ನೆಲಕ್ಕಿಟ್ಟಳು. ಭಂಡಾರ ಚೆಲ್ಲದ ಹಾಗೆ, ಮೆಲ್ಲಗೆ. ಮನೆಯೊಳಗೆ ಹೋದಳು. ಒಲೆ ಹೊತ್ತಲಿಲ್ಲ. ಮಧ್ಯಾಹ್ನ ನಾನು ಹಿತ್ತಿಲಲ್ಲಿದ್ದ ಹೊಸ ಕುರಿಗಳನ್ನು ಹೊಡೆದುಕೊಂಡು ಬಂದು ಬಾಗಿಲ ಮುಂದೆ ನಿಲ್ಲಿಸಿದೆ. ಬಾಗಿಲಿಗೆ ಬಂದು ನೋಡಿದಳು.

"ಇವು ನನ್ನವಲ್ಲ."

"ಅಲ್ಲ."

"ಚಂದ್ರಿ ಬರತಾಳೇನು?"

"ಇಲ್ಲ."

ಸಂಜೆ ಎದುರಿಗೆ ಬಂದು ಕೂತಳು. ಕಣ್ಣು ಕೆಂಪಾಗಿದ್ದವು, ದನಿ ಗಟ್ಟಿಯಿತ್ತು.

"ನಿನ್ನ ಧಂಧೆ ನನ್ನ ಕುರಿ ಮ್ಯಾಲ ನಿಂತೈತಿ. ಹೌದಲ್ಲ?"

"ಹೌದು."

"ಅಂದ್ರ ಧಂಧೆ ನಂದು. ನೀ ಆಳು, ಮಾಲಾ ಕಾರಕೂನಿ. ಬರೂ ಬ್ಯಾಸಿಗಿಗೆ ಯಾರ ಹಿಂಡು ಎಲ್ಲಿ ತರುಬಬೇಕು ಅನ್ನೂದು ನನ್ನ ಕೇಳಿ ಆಗಬೇಕು. ಬ್ಯಾಡ ಅಂತೀಯೇನು?"

"ಇಲ್ಲ."

"ಹಂಗಾರ ನಂದು ಎಷ್ಟು ಹೋಗೈತಿ ನಂಗ ಗೊತ್ತಾಗಬೇಕು. ಎಷ್ಟು?"

ಎಪ್ಪತ್ತು ಸಾವಿರ ಅಂದೆ. ಅವಳು ಏಳಲಿಲ್ಲ. ಒಂದು ಲಕ್ಷ, ಸ್ವಲ್ಪ ಮೇಲೆ ಅಂದೆ. ಆಗಲೂ ಏಳಲಿಲ್ಲ. ಗೂಡಿನಿಂದ ಈ ಡೈರಿ ತೆಗೆದು ನನ್ನ ತೊಡೆಯ ಮೇಲಿಟ್ಟಳು, ಮೇಲೆ ಪೆನ್ನು.

"ಬಾಯಿಲೆ ಬ್ಯಾಡ. ನಿನ್ನ ಬಾಯಿ ನಂಗ ಗೊತ್ತೈತಿ. ಬರಿ."

ಅವಳಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಇಷ್ಟನ್ನೆಲ್ಲ ನಾನು ಬರೆಯುವವರೆಗೆ ಪಕ್ಕದಲ್ಲೇ ಕೂತಿದ್ದಾಳೆ. "ಇಷ್ಟ್ ಉದ್ದ ಐತೇನು ಅಂಕಿ?" ಎಂದು ಈಗ ಕೇಳಿದಳು. ದೀಪ ಹತ್ತಿರ ಸರಿಸಿದಳು. ಹೋದದ್ದು ಎಲ್ಲ ಸೇರಿ, ಫೋನು, ಮುಂಗಡ, ಜಿಲೇಬಿ ಸಹಿತ:

ರೂ. 1,62,300.